ಆಪರೇಷನ್ ಅಂದ್ರೆ ಅವಳಿಗೇನಾ?

ಎರಡನೇ ಮಗು ಹುಟ್ಟಿದ ತಕ್ಷಣ ನಮ್ಮ ಎಷ್ಟೋ ಮನೆಗಳಲ್ಲಿ ಬರೋ ಮಾತು, ‘ಇನ್ನು ಸಾಕು, ಆಪರೇಷನ್ ಮಾಡಿಸಿಬಿಡಿ.’ ಯಾರಿಗೆ ಅಂತ ಯಾರೂ ಕೇಳಲ್ಲ. ಬಾಣಂತಿಗೇ ಅಂತ ಎಲ್ಲರಿಗೂ ಗೊತ್ತು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. 15ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ನೂರಕ್ಕೆ ಸುಮಾರು 38 ಮಂದಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ. ಗಂಡ ಮಾಡಿಸಿಕೊಂಡಿರೋದು? ಸಾವಿರಕ್ಕೆ ಮೂರು. ಗರ್ಭನಿರೋಧಕ ಹೆಂಗಸರ ವಿಷಯ, ನಾವ್ಯಾಕೆ ತಲೆ ಕೆಡಿಸ್ಕೋಬೇಕು ಅನ್ನೋ ಗಂಡಸರು ಶೇ 35.

ಈ ಹೆದರಿಕೆಗೆ ಇತಿಹಾಸ ಇದೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976-77ರ ಒಂದೇ ವರ್ಷ 60 ಲಕ್ಷಕ್ಕೂ ಹೆಚ್ಚು ಗಂಡಸರಿಗೆ ಆಪರೇಷನ್ ಆಯ್ತು, ಎಷ್ಟೋ ಕಡೆ ಬಲವಂತವಾಗಿ. ಆದ್ರೆ ಇವತ್ತು ಕೊಡೋ ಕಾರಣಾನೇ ಬೇರೆ: ‘ಭಾರ ಎತ್ತಕ್ಕಾಗಲ್ಲ, ಗಂಡಸ್ತನ ಹೋಗುತ್ತೆ.’

ಇದು ಸುಳ್ಳು. ವೀರ್ಯಾಣು ಸಾಗೋ ನಾಳವನ್ನಷ್ಟೇ ಮುಚ್ತಾರೆ. ಹಾರ್ಮೋನ್ ಮೊದಲಿನಂತೆಯೇ ರಕ್ತ ಸೇರುತ್ತೆ. ಎನ್‌ಎಸ್‌ವಿ ವಿಧಾನದಲ್ಲಿ ಬ್ಲೇಡೂ ಇಲ್ಲ, ಹೊಲಿಗೆಯೂ ಇಲ್ಲ. ಆ ಜಾಗಕ್ಕಷ್ಟೇ ಅರಿವಳಿಕೆ, ಅರ್ಧ ಗಂಟೆಯೊಳಗೆ ಕೆಲಸ, ಅವತ್ತೇ ಮನೆಗೆ. ಹೆಂಗಸರಿಗಾದ್ರೆ ಹೊಟ್ಟೆ ಕುಯ್ಯಬೇಕು.

ಎರಡು ವಿಷಯ ನೆನಪಿರಲಿ. ಆಪರೇಷನ್ ಆದ ಮೇಲೆ ಮೂರು ತಿಂಗಳು ಕಾಂಡೋಮ್ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿ ಖಚಿತ ಮಾಡ್ಕೊಳ್ಳಿ. ಮತ್ತೆ, ಇದು ಶಾಶ್ವತ ಅಂತ ತಿಳಿದೇ ತೀರ್ಮಾನಿಸಿ. ಇನ್ನೂ ಮಕ್ಕಳು ಬೇಕು ಅನ್ನೋರಿಗೆ ಕಾಂಡೋಮ್ ಇದ್ದೇ ಇದೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಆಶಾ ಕಾರ್ಯಕರ್ತೆ ಈ ವಿಷಯ ಮಾತಾಡೋಕೆ ಬಂದಾಗ ಎದ್ದು ಹೊರಗೆ ಹೋಗ್ಬೇಡಿ. ಹೆಂಡತಿ ಪಕ್ಕ ಕೂತು ಕೇಳಿ. ಹೊತ್ತಿದ್ದು, ಹೆತ್ತಿದ್ದು ಅವಳು. ಇದೊಂದನ್ನಾದ್ರೂ ನಾವು ಮಾಡಬಹುದಲ್ವಾ?