ಮಣಿಯದ ವ್ಯಾಧಿಗೊಂದು ಉಪಾಯ



ಬೆಳಗಿನಲ್ಲಿ ಮಗುವಿನ ಕಣ್ಣರೆಪ್ಪೆ ಊದಿಕೊಂಡು, ಮೂತ್ರ ನೊರೆಗಟ್ಟಿದರೆ ನಾವು ದೃಷ್ಟಿ ತೆಗೆದು ಸುಮ್ಮನಾಗಬಾರದು. ಮೂತ್ರಪಿಂಡದ ಜರಡಿ ಸಡಿಲಗೊಂಡು ರಕ್ತದ ಸಸಾರಜನಕ ಸೋರಿಹೋಗುತ್ತಿರುವ ಸೂಚನೆ ಅದಾಗಿರಬಹುದು. ಆ ನಷ್ಟವನ್ನು ತುಂಬಲು ಯಕೃತ್ತು ದುಡಿಯತೊಡಗಿದಾಗ ರಕ್ತದಲ್ಲಿ ಕೊಲೆಸ್ಟರಾಲೂ ಏರುತ್ತದೆ. ಏರಿದ ಕೊಬ್ಬು ಮೂತ್ರಪಿಂಡವನ್ನೇ ಮತ್ತೆ ಘಾಸಿಗೊಳಿಸಬಲ್ಲದು.

ಬಹುಪಾಲು ಮಕ್ಕಳು ಸ್ಟೀರಾಯ್ಡ್ ಮದ್ದಿನಿಂದ ಚೇತರಿಸಿಕೊಳ್ಳುತ್ತಾರೆ. ಕೆಲವರಲ್ಲಿ ಮಾತ್ರ ವ್ಯಾಧಿ ಮಣಿಯದು. ಅಂಥವರಿಗಾಗಿ ಜಪಾನಿನ ವೈದ್ಯರು ಒಂದು ಉಪಾಯವನ್ನು ಬಳಕೆಗೆ ತಂದರು. ರಕ್ತವನ್ನು ಕೊಳವೆಯ ಮೂಲಕ ಹೊರತಂದು, ಅದರ ದ್ರವಾಂಶವನ್ನು ಬೇರ್ಪಡಿಸಿ, ಡೆಕ್ಸ್ಟ್ರಾನ್ ಸಲ್ಫೇಟ್ ಕೂಡಿಸಿದ ಸಣ್ಣ ಮಣಿಗಳ ನಡುವೆ ಹಾಯಿಸುತ್ತಾರೆ. ಕೆಟ್ಟ ಕೊಲೆಸ್ಟರಾಲು ಮಣಿಗಳಿಗೆ ಅಂಟಿಕೊಳ್ಳುತ್ತದೆ; ಸೋಸಿದ ದ್ರವ ರಕ್ತಕಣಗಳೊಡನೆ ಕೂಡಿ ಮೈಗೆ ಮರಳುತ್ತದೆ. ಅಲ್ಲಿ 3 ತಿಂಗಳಲ್ಲಿ 12 ಸಲದವರೆಗೆ ಹೀಗೆ ಮಾಡುವುದುಂಟು. 2013ರಲ್ಲಿ ಅಮೆರಿಕವೂ ಮಕ್ಕಳಲ್ಲಿ ಕಾಣುವ ಇಂಥದೊಂದು ವ್ಯಾಧಿಗೆ ಈ ಯಂತ್ರವನ್ನು ಒಪ್ಪಿತು.

ಇದು ಸಂಜೀವಿನಿಯಲ್ಲ. ಜಪಾನಿನಲ್ಲಿ 2 ವರ್ಷ ಗಮನಿಸಿದ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ವ್ಯಾಧಿ ತಗ್ಗಿತ್ತು. ಆದರೂ, ಒಂದು ಮದ್ದು ಹಿಡಿಯದಿದ್ದ ಮಾತ್ರಕ್ಕೆ ದಾರಿ ಮುಗಿಯಿತೆಂದು ಹೆತ್ತವರು ಕೈಚೆಲ್ಲಬೇಕಾಗಿಲ್ಲ.

ಗಡಿಯ ಈಚೆ ವೈದ್ಯರ ನುಡಿ ಮರಾಠಿ, ಚೀಟಿಯ ನುಡಿ ಇಂಗ್ಲಿಷು. ನಡುವೆ ನಾವು ಸುಮ್ಮನೆ ತಲೆಯಾಡಿಸಿ ಬರುತ್ತೇವೆ. ಇನ್ನು ಹಾಗಾಗದಿರಲಿ. “ಮುಂದಿನ ದಾರಿ ಯಾವುದು?” ಎಂದು ಕೇಳೋಣ, ಬಲ್ಲವರನ್ನು ಜೊತೆಗೆ ಕರೆದೊಯ್ದು ಕನ್ನಡದಲ್ಲಿ ತಿಳಿದುಕೊಳ್ಳೋಣ. ಮಗುವಿನ ಪ್ರಾಣಕ್ಕಿಂತ ನಮ್ಮ ಸಂಕೋಚ ದೊಡ್ಡದಲ್ಲ.