ಸುಬೇದಾರ ರಾಮಜಿಯವರ ಋಣ

(ಗಿರಣಿ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಡಾಕ್ಟರ್ ಅಂಬೇಡ್ಕರರ ಹೆಸರನ್ನು ಕೇಳದವರು ಈ ಸಭೆಯಲ್ಲಿ ಯಾರೂ ಇರಲಾರರು. ಆದರೆ ಅವರ ತಂದೆಯ ಹೆಸರು ಎಷ್ಟು ಜನಕ್ಕೆ ಗೊತ್ತು? ರಾಮಜಿ ಮಾಲೋಜಿ ಸಕಪಾಳ. ಪಲ್ಟಣದಲ್ಲಿ ಸುಬೇದಾರರು, ಪಲ್ಟಣದ ಶಾಲೆಯಲ್ಲಿ ಮಾಸ್ತರರು, ಮನೆಯಲ್ಲಿ ತಾಯಿಯನ್ನು ಕಳೆದುಕೊಂಡ ಮಕ್ಕಳ ತಂದೆ. ಮೂರು ಕೆಲಸಗಳನ್ನೂ ಒಂದೇ ನಿಷ್ಠೆಯಿಂದ ಮಾಡಿ 1913ರ ಫೆಬ್ರವರಿ 2ರಂದು ಕಣ್ಣು ಮುಚ್ಚಿದರು. ಅವರ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ನಿಂತಿದ್ದೇನೆ.

ರಾಮಜಿಯವರ ಮನೆತನ ರತ್ನಾಗಿರಿ ಜಿಲ್ಲೆಯ ಅಂಬಡವೆ ಗ್ರಾಮದ್ದು, ಜಾತಿಯಿಂದ ಮಹಾರರು. ಊರಿನ ಬಾವಿ ಅವರಿಗಿಲ್ಲ, ಊರಿನ ಶಾಲೆಯೂ ಅವರಿಗಿಲ್ಲ. ಇದ್ದುದು ಸೈನ್ಯವೊಂದೇ. ತಂದೆ ಮಾಲೋಜಿಯವರೂ ಸಿಪಾಯಿಯೇ ಆಗಿದ್ದರು. ಕಂಪನಿ ಸರ್ಕಾರದ ಸೈನ್ಯದಲ್ಲಿ ಸಿಪಾಯಿಗಳಿಗೂ ಅವರ ಗಂಡು ಹೆಣ್ಣು ಮಕ್ಕಳಿಗೂ ಓದು ಕಡ್ಡಾಯವಾಗಿತ್ತೆಂದು ಅಂಬೇಡ್ಕರರೇ ಹೇಳಿದ್ದಾರೆ. ಪರದೇಶದ ಸರ್ಕಾರ ಇದನ್ನು ಮಾಡಿದುದು ನಮ್ಮ ಮೇಲಿನ ಪ್ರೀತಿಯಿಂದಲ್ಲ. ಅದಕ್ಕೆ ಆಜ್ಞೆಯನ್ನು ಓದಬಲ್ಲ, ಲೆಕ್ಕ ಬಲ್ಲ ಆಳು ಬೇಕಾಗಿತ್ತು. ಆದರೂ ಅಕ್ಷರ ಕೈಗೆ ಬಂದಿತು. ರಾಮಜಿಯವರು ಪುಣೆಯಲ್ಲಿ ಸೈನ್ಯದವರೇ ನಡೆಸುತ್ತಿದ್ದ ನಾರ್ಮಲ್ ಸ್ಕೂಲಿನಲ್ಲಿ ಕಲಿತು ಮಾಸ್ತರರಾದರು. 14 ವರ್ಷ ಸೈನ್ಯದ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದರು. ಅವರ ಹದಿನಾಲ್ಕನೆಯ ಮಗು ಭೀಮರಾವ್ 1891ರ ಏಪ್ರಿಲ್ 14ರಂದು ಮಹೂ ದಂಡಿನಲ್ಲಿ ಹುಟ್ಟಿದನು.

ಅದೇ ಹೊತ್ತಿನಲ್ಲಿ ಸರ್ಕಾರ ಮಹಾರರನ್ನು ಸೈನ್ಯಕ್ಕೆ ಸೇರಿಸಿಕೊಳ್ಳುವುದನ್ನು ನಿಲ್ಲಿಸಿತು. ತಲೆಮಾರುಗಳ ಕಾಲ ರಕ್ತ ಸುರಿಸಿದವರಿಗೆ ಒಂದು ಹುಕುಮಿನಿಂದ ಅನ್ನವೂ ತಪ್ಪಿತು, ಶಾಲೆಯೂ ತಪ್ಪಿತು. ಇದರ ವಿರುದ್ಧ ಅರ್ಜಿ ಬರೆಯಲು ರಾಮಜಿಯವರು ನ್ಯಾಯಮೂರ್ತಿ ರಾನಡೆಯವರ ನೆರವು ಪಡೆದರೆಂದು ಚರಿತ್ರಕಾರರು ಬರೆದಿದ್ದಾರೆ. ಒಡೆಯನ ದಯೆಯಿಂದ ಬಂದುದು ಒಡೆಯನ ಇಷ್ಟದಿಂದಲೇ ಹೋಗುತ್ತದೆ. ಗಿರಣಿಯ ಗೇಟಿನ ಮುಂದೆ ನಿಂತವರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ.

ಪೆನ್ಷನ್ ಪಡೆದ ಮೇಲೆ ಸಂಸಾರ ದಾಪೋಲಿಗೆ, ಆಮೇಲೆ ಸಾತಾರಕ್ಕೆ ಬಂದಿತು. ಅಲ್ಲಿ ಹೆಂಡತಿ ಭೀಮಾಬಾಯಿ ತೀರಿಕೊಂಡರು. ಭೀಮನಿಗೆ ಆಗ ಐದಾರು ವರ್ಷ. ಸುಬೇದಾರರ ಮಗನಾದರೂ ಶಾಲೆಯಲ್ಲಿ ಗೋಣಿತಾಟಿನ ಮೇಲೆ ಬೇರೆಯಾಗಿ ಕೂಡಬೇಕು, ನಲ್ಲಿಯನ್ನು ಮುಟ್ಟುವಂತಿಲ್ಲ. ಕ್ಷೌರಿಕನಿಗೆ ಕೊಡಲು ದುಡ್ಡಿದ್ದರೂ ಯಾವ ಕ್ಷೌರಿಕನೂ ಮುಟ್ಟುತ್ತಿರಲಿಲ್ಲ. ಅಕ್ಕನೇ ತಮ್ಮಂದಿರ ಕೂದಲು ಕತ್ತರಿಸುತ್ತಿದ್ದಳು.

ರಾಮಜಿಯವರು ಕೋರೆಗಾಂವಿಗೆ ಖಜಾಂಚಿಯಾಗಿ ಹೋದರು. ಬರಗಾಲದಿಂದ ಸಾಯುತ್ತಿದ್ದ ಜನಕ್ಕೆ ಕೂಲಿ ಕೊಡಲು ಸರ್ಕಾರ ಅಲ್ಲಿ ಕೆರೆ ತೋಡಿಸುತ್ತಿತ್ತು. 1901ರಲ್ಲಿ ತಂದೆಯನ್ನು ನೋಡಲು ಹೊರಟ ಮಕ್ಕಳು ಮಸೂರು ಸ್ಟೇಷನ್ನಿನಲ್ಲಿ ಇಳಿದರು. ಬರೆದ ಕಾಗದ ತಂದೆಗೆ ತಲಪಿರಲಿಲ್ಲ. ಜಾತಿ ತಿಳಿದೊಡನೆ ಗಾಡಿಯವರೆಲ್ಲ ಹಿಂದೆ ಸರಿದರು. ಎರಡು ಪಟ್ಟು ಬಾಡಿಗೆಗೆ ಒಬ್ಬನು ಒಪ್ಪಿದನಾದರೂ ಗಾಡಿಯನ್ನು ಮಕ್ಕಳೇ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆಯುತ್ತೇನೆ ಎಂದನು. ಬುತ್ತಿ ಇದ್ದಿತು, ಕುಡಿಯಲು ನೀರು ಸಿಗಲಿಲ್ಲ. ಆ ರಾತ್ರಿ ಹುಡುಗರು ಹಸಿದೇ ಮಲಗಿದರು. ಜನರ ನೀರಿಗಾಗಿ ತೋಡುವ ಕೆರೆಯ ಲೆಕ್ಕ ಬರೆಯುವವರು ತಂದೆ. ಅವರ ಮಕ್ಕಳಿಗೆ ದಾರಿಯಲ್ಲಿ ಒಂದು ತಂಬಿಗೆ ನೀರಿಲ್ಲ! ದಂಡಿನ ಗಡಿ ದಾಟಿದರೆ ಸುಬೇದಾರಿಕೆಗೆ ಬೆಲೆಯಿರಲಿಲ್ಲ.

1904ರ ಹೊತ್ತಿಗೆ ಮುಂಬಯಿ. ಪರಳದ ಡಬಕ್ ಚಾಳು. ಸುತ್ತಲೂ ನಮ್ಮಂಥ ಗಿರಣಿ ಕಾರ್ಮಿಕರು. ಇಡೀ ಸಂಸಾರಕ್ಕೆ ಒಂದೇ ಕೋಣೆ. ಎಲ್ಲರೂ ಒಟ್ಟಿಗೆ ಮಲಗಲು ಜಾಗ ಸಾಲದು. ಸಂಜೆ ಮಗ ಬೇಗ ಮಲಗುವನು. ತಂದೆ ರಾತ್ರಿ ಎರಡು ಗಂಟೆಯವರೆಗೆ ಎಚ್ಚರವಾಗಿದ್ದು, ಮಗನನ್ನು ಓದಿಗೆ ಎಬ್ಬಿಸಿ, ಆ ಜಾಗದಲ್ಲಿ ತಾನು ಮಲಗುವನು. ಪಾಳಿಯ ಕೆಲಸ ಬಲ್ಲ ನೀವು ಇದರ ಅರ್ಥವನ್ನು ನನಗಿಂತ ಚೆನ್ನಾಗಿ ಬಲ್ಲಿರಿ. ಇಂಗ್ಲಿಷನ್ನೂ ಲೆಕ್ಕವನ್ನೂ ತಾವೇ ಹೇಳಿಕೊಡುತ್ತಿದ್ದರು. ಕಬೀರಪಂಥದವರಾದ್ದರಿಂದ ಮನೆಯಲ್ಲಿ ಭಜನೆ ತಪ್ಪದು.

ಮಗನಿಗೆ ಪಠ್ಯದ ಹೊರಗಿನ ಪುಸ್ತಕಗಳ ಹಸಿವು. ಕೇಳಿದ ಪುಸ್ತಕಕ್ಕೆ ಕೈಯಲ್ಲಿ ದುಡ್ಡಿಲ್ಲದಿದ್ದರೆ ರಾಮಜಿಯವರು ಮದುವೆಯಾದ ಹೆಣ್ಣುಮಕ್ಕಳ ಮನೆಗೆ ಹೋಗುವರು. ಕಿರಿಯವಳಲ್ಲಿ ಕೈಸಾಲಕ್ಕೆ ದುಡ್ಡು ಸಿಗದಿದ್ದರೆ ಹಿರಿಯವಳ ಒಡವೆ ತಂದು ಗಿರವಿ ಇಡುವರು; ಪೆನ್ಷನ್ ಬಂದೊಡನೆ ಬಿಡಿಸಿ ಕೊಡುವರು. ಮಂಜುಳಾ, ತುಳಸಾ ಎಂಬ ಆ ಇಬ್ಬರು ಅಕ್ಕಂದಿರನ್ನು ನಾವು ಯಾರೂ ನೆನೆಯುವುದಿಲ್ಲ. ತಮ್ಮನ ಪುಸ್ತಕಕ್ಕೆ ಅವರ ಕೊರಳಿನ ಒಡವೆ ಹೋಯಿತು. ಅವರ ಓದಿಗೆ ಯಾರ ಒಡವೆಯೂ ಹೋಗಲಿಲ್ಲ. ತಂದೆಯನ್ನು ಹೊಗಳುವಾಗ ಈ ಲೆಕ್ಕವನ್ನೂ ಬರೆದಿಡಬೇಕು.

ಮಗ 1907ರಲ್ಲಿ ಮೆಟ್ರಿಕ್ ಮುಗಿಸಿದನು. ಬಡೋದೆಯ ಮಹಾರಾಜರು ತಿಂಗಳಿಗೆ 25 ರೂಪಾಯಿ ವೇತನ ಕೊಟ್ಟುದರಿಂದ ಬಿ.ಎ. ಮುಗಿಯಿತು. ಬಡೋದೆಯಲ್ಲಿ ನೌಕರಿಗೆ ಸೇರಿದ ಕೆಲವೇ ದಿನಗಳಲ್ಲಿ ತಂದೆಗೆ ಕಾಹಿಲೆಯೆಂದು ತಂತಿ ಬಂದಿತು. ದಾರಿಯಲ್ಲಿ ತಂದೆಗಾಗಿ ಮಿಠಾಯಿ ಕೊಳ್ಳಲು ಸೂರತ್ತಿನಲ್ಲಿ ಇಳಿದು ರೈಲು ತಪ್ಪಿತು. ಮರುದಿನ ಮುಂಬಯಿ ಮುಟ್ಟಿದಾಗ ತಂದೆಯದು ಕೊನೆಯ ಗಳಿಗೆ. ಮಗ ಅಮೆರಿಕಕ್ಕೆ ಓದಲು ಹೋದುದನ್ನು ಅವರು ಕಾಣಲಿಲ್ಲ.

ಆ ಮಗ ಏನು ಮಾಡಿದನು? ನೂಲು ಕಡಿದಾಗ ಲಾಳಿಗೆ ಬಾಯಿ ಹಚ್ಚಬೇಕಾಗುತ್ತದೆಂಬ ನೆವದಿಂದ ಮುಂಬಯಿ ಗಿರಣಿಗಳ ನೇಯ್ಗೆ ಖಾತೆಯಲ್ಲಿ ಅಸ್ಪೃಶ್ಯರಿಗೆ ಕೆಲಸವಿರಲಿಲ್ಲ. 1928-29ರ ಮುಷ್ಕರಗಳ ಕಾಲದಲ್ಲಿ ಅದನ್ನು ಎತ್ತಿ ಕೇಳಿದನು. ಕಾರ್ಮಿಕ ಖಾತೆ ನೋಡುತ್ತಿದ್ದಾಗ ತಂದ ತಿದ್ದುಪಡಿಯಿಂದ 1946ರಲ್ಲಿ ಕಾರ್ಖಾನೆಗಳ ವಾರದ ದುಡಿಮೆ 54 ಗಂಟೆಯಿಂದ 48ಕ್ಕೆ ಇಳಿಯಿತು. ಸುಬೇದಾರರು ಕಳೆದುಕೊಂಡ ನಿದ್ದೆ ಲಕ್ಷಾಂತರ ಕಾರ್ಮಿಕರಿಗೆ ವಿಶ್ರಾಂತಿಯಾಗಿ ಹಿಂದಿರುಗಿತು ಎಂದರೆ ಅದು ಉತ್ಪ್ರೇಕ್ಷೆಯಲ್ಲ.

ಗೆಳೆಯರೆ, ತಂದೆಯ ತ್ಯಾಗವೊಂದಿದ್ದರೆ ಸಾಕು, ಬಡವನ ಮಗ ಮೇಲೆ ಬರುತ್ತಾನೆ ಎಂದು ಉಪದೇಶ ಮಾಡುವವರಿದ್ದಾರೆ. ಅದು ಹೊಟ್ಟೆ ತುಂಬಿದವರ ಮಾತು. ಆ ಚಾಳಿನಲ್ಲಿ ಮಕ್ಕಳನ್ನು ಪ್ರೀತಿಸಿದ ತಂದೆ ಇವರೊಬ್ಬರೇ ಆಗಿದ್ದರೆ? ಉಳಿದವರಿಗೆ ಅಕ್ಷರವಿರಲಿಲ್ಲ, ಪೆನ್ಷನ್ ಇರಲಿಲ್ಲ, ಇವರಿಗೆ ಎರಡೂ ಇದ್ದವು. ಹತ್ತು ವರ್ಷದೊಳಗೆ 14 ವರ್ಷದವರೆಗಿನ ಎಲ್ಲ ಮಕ್ಕಳಿಗೂ ಉಚಿತ ಕಡ್ಡಾಯ ಶಿಕ್ಷಣ ಕೊಡಲು ಯತ್ನಿಸಬೇಕೆಂದು 1950ರ ಸಂವಿಧಾನ ಹೇಳಿತು. ಅದು ಕಾನೂನಾಗಿ ಜಾರಿಗೆ ಬಂದುದು 2010ರಲ್ಲಿ! ಅದೂ 14 ವರ್ಷಕ್ಕೆ ನಿಲ್ಲುತ್ತದೆ. ಮುಂದೆ ಫೀಜು, ಪುಸ್ತಕ, ಟ್ಯೂಷನ್ನು. ಮತ್ತೆ ಅದೇ ಗಿರವಿ ಅಂಗಡಿ.

ಆದುದರಿಂದ ಸುಬೇದಾರರ ಚಿತ್ರಕ್ಕೆ ಹಾರ ಹಾಕಿದರೆ ಋಣ ತೀರದು. ಸಂಘದ ಕಚೇರಿಯಲ್ಲಿ ರಾತ್ರಿ ಮಕ್ಕಳು ಓದಲು ಒಂದು ಕೋಣೆ, ಒಂದು ದೀಪ ಬಿಡಿ. ಅಂಗಡಿಯ ಗೆಳೆಯರು ಜೂನ್ ತಿಂಗಳಲ್ಲಿ ನೋಟುಬುಕ್ಕುಗಳನ್ನು ಬಡ್ಡಿಯಿಲ್ಲದ ಉದ್ರಿಗೆ ಕೊಡಲಿ. ಮಗನಿಗೆ ಕೊಂಡ ಪುಸ್ತಕವನ್ನು ಮಗಳಿಗೂ ಕೊಳ್ಳಿರಿ. ಇವಿಷ್ಟು ನಮ್ಮ ಕೈಯಲ್ಲಿರುವುದು. ಸರ್ಕಾರಿ ಶಾಲೆಯೊಂದು ಮುಚ್ಚುತ್ತದೆಂದು ಕೇಳಿದರೆ, ಕೂಲಿ ಕಡಿತವಾದಾಗ ಹೊರಟಂತೆಯೇ ಎಲ್ಲರೂ ಕೂಡಿ ಅದರ ಮುಂದೆ ಹೋಗಿ ನಿಲ್ಲೋಣ.