ಒಂದು ಯಂತ್ರದೊಳಗೆ ಹತ್ತು ಯಂತ್ರ

(ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



"ಬೆಂಗಳೂರಲ್ಲಿ ಏನಪ್ಪಾ ನಿನ್ನ ಕೆಲಸ?" ಅಂತ ಬಂದಾಗಲೆಲ್ಲ ಕೇಳುತ್ತೀರಿ. "ಕಂಪ್ಯೂಟರ್" ಎಂದು ತಪ್ಪಿಸಿಕೊಳ್ಳುತ್ತಿದ್ದೆ. ಇವತ್ತು ಮುಖ್ಯೋಪಾಧ್ಯಾಯರು ಮೈಕನ್ನೇ ಕೈಗೆ ಕೊಟ್ಟುಬಿಟ್ಟಿದ್ದಾರೆ. ನನ್ನ ಕೆಲಸಕ್ಕೆ ವರ್ಚುವಲೈಸೇಶನ್ ಎನ್ನುತ್ತಾರೆ.

ನಾವು ಎಂಟನೇ ತರಗತಿಗೆ ಸೇರಿದಾಗ ಈ ಕಟ್ಟಡ ಪೂರ್ತಿ ಆಗಿರಲಿಲ್ಲ. ಹಾಲಿನ ನಡುವೆ ಬಿದಿರು ತಟ್ಟಿ ನಿಲ್ಲಿಸಿ ಅತ್ತ ಗಣಿತ, ಇತ್ತ ಕನ್ನಡ. ಕಪ್ಪುಹಲಗೆ ಯಾವ ಹೊತ್ತಿಗೆ ಯಾರಿಗೆ ಎಂದು ಹೆಡ್‌ಮೇಷ್ಟ್ರು ಹೇಳುತ್ತಿದ್ದರು. ಒಂದೇ ದೊಡ್ಡ ಕಂಪ್ಯೂಟರಿನೊಳಗೆ ಇಂಥ ತಟ್ಟಿ ಕಟ್ಟಿ ಹತ್ತು ಕಂಪ್ಯೂಟರುಗಳ ಹಾಗೆ ದುಡಿಸುವುದೇ ವರ್ಚುವಲೈಸೇಶನ್. ಹೆಡ್‌ಮೇಷ್ಟ್ರ ಕೆಲಸ ಮಾಡುವ ತಂತ್ರಾಂಶಕ್ಕೆ ಹೈಪರ್‌ವೈಸರ್ ಎಂದು ಹೆಸರು. ನಮ್ಮ ತಟ್ಟಿಯಾಚೆಯ ಗಲಾಟೆ ಈಚೆಗೆ ಕೇಳುತ್ತಿತ್ತು. ಅಲ್ಲಿ ಹಾಗಿಲ್ಲ, ಒಂದು ಕೋಣೆ ಕುಸಿದರೂ ಪಕ್ಕದ ಕೋಣೆಗೆ ಗೊತ್ತಾಗುವುದಿಲ್ಲ.

ಇದು ಹೊಸದೇನಲ್ಲ. ಐಬಿಎಂ ತನ್ನ ದೊಡ್ಡ ಯಂತ್ರಗಳಿಗೆ 1972ರಲ್ಲೇ ಇದನ್ನು ಮಾರಾಟಕ್ಕೆ ತಂದಿತ್ತು. ಆಮೇಲೆ ಅಗ್ಗದ ಸಣ್ಣ ಸರ್ವರುಗಳು ಬಂದವು. ಎರಡು ತಂತ್ರಾಂಶ ಒಂದೇ ಕಡೆ ಇಟ್ಟರೆ ಜಗಳವಾಡುತ್ತವೆ ಎಂದು ಒಂದೊಂದು ಕೆಲಸಕ್ಕೆ ಒಂದೊಂದು ಯಂತ್ರ ಕೊಂಡರು. ಬಹುಪಾಲು ಹೊತ್ತು ಅವು ಸುಮ್ಮನೆ ಕೂತಿರುತ್ತಿದ್ದವು; ಆದರೂ ಕರೆಂಟು ಬೇಕು, ಎಸಿ ಬೇಕು. 1998ರಲ್ಲಿ ಶುರುವಾದ ವಿಎಂವೇರ್ ಎಂಬ ಕಂಪನಿ ಹಳೆಯ ಉಪಾಯವನ್ನು ಈ ಸಣ್ಣ ಯಂತ್ರಗಳಿಗೂ ತಂದಿತು.

ನಾನು ಮೊದಲು ಕೆಲಸಕ್ಕಿದ್ದದ್ದು ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ. ಹೆಸರು ಬೇಡ. ಹನ್ನೊಂದು ಸರ್ವರುಗಳಿದ್ದವು. ಒಂದು ತಿಂಗಳು ಐದನೇ ತಾರೀಖು ಸಂಬಳದ ಲೆಕ್ಕದ ಸರ್ವರ್ ಸತ್ತುಹೋಯಿತು. ಲೆಕ್ಕದ ಪ್ರತಿ ನಮ್ಮ ಹತ್ತಿರ ಭದ್ರವಾಗಿತ್ತು, ಆದರೆ ಅದನ್ನು ಓಡಿಸಲು ಯಂತ್ರವಿರಲಿಲ್ಲ. ಆ ಮಾದರಿಯ ಬಿಡಿಭಾಗ ಮಾರುಕಟ್ಟೆಯಲ್ಲಿಲ್ಲ. ಹೊಸ ಯಂತ್ರಕ್ಕೆ ಹಳೆಯ ತಂತ್ರಾಂಶ ಒಗ್ಗಲಿಲ್ಲ. ನಾಲ್ಕು ದಿನ ಹಿಡಿಯಿತು. ಹೊಲಿಗೆಯ ಹೆಣ್ಣುಮಕ್ಕಳು ಗೇಟಿನ ಹತ್ತಿರ ನಿಂತು, "ಮನೆ ಬಾಡಿಗೆಯವರು ಬಂದು ಕೂತವ್ರೆ ಸಾರ್" ಎನ್ನುತ್ತಿದ್ದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಆ ನಾಲ್ಕು ದಿನ ಹಿಂದಿನ ಬಾಗಿಲಿನಿಂದ ಓಡಾಡಿದೆ, ಇವತ್ತಿಗೂ ನಾಚಿಕೆಯಾಗುತ್ತದೆ.

ಮುಂದಿನ ವರ್ಷ ಹನ್ನೊಂದನ್ನೂ ಮೂರು ಯಂತ್ರಗಳೊಳಗೆ ಸೇರಿಸಿದೆವು. ವರ್ಚುವಲ್ ಯಂತ್ರವೆಂದರೆ ಕೊನೆಗೆ ಕೆಲವು ಫೈಲುಗಳಷ್ಟೇ. ಅವನ್ನು ಮೂರಕ್ಕೂ ಸೇರಿದ ಒಂದು ಸ್ಟೋರೇಜಿನಲ್ಲಿ ಇಟ್ಟಿದ್ದೆವು. ಒಂದು ರಾತ್ರಿ ಮೂರರಲ್ಲಿ ಒಂದು ಕೆಟ್ಟಿತು. ಅದರೊಳಗಿದ್ದವು ಉಳಿದೆರಡರಲ್ಲಿ ಕೆಲವೇ ನಿಮಿಷಗಳಲ್ಲಿ ಮತ್ತೆ ಶುರುವಾದವು. ಬೆಳಿಗ್ಗೆ ಎಂದಿನಂತೆ ಕೆಲಸ ನಡೆದಿತ್ತು, ಯಾರಿಗೂ ಸುದ್ದಿಯೇ ಇಲ್ಲ.

ಮಾಲೀಕರಿಗೆ ಕರೆಂಟು ಬಿಲ್ಲು ಇಳಿದದ್ದೇ ದೊಡ್ಡ ಲಾಭವಾಗಿ ಕಂಡಿತು. ತಪ್ಪೇನಿಲ್ಲ. ಹೊಸ ಕೆಲಸಕ್ಕೆ ಸರ್ವರ್ ಬೇಕೆಂದರೆ ಕೊಟೇಶನ್, ಆರ್ಡರ್ ಎಂದು ವಾರಗಟ್ಟಲೆ ಕಾಯುವುದೂ ತಪ್ಪಿತು. ತಂತ್ರಾಂಶ ಬದಲಿಸುವ ಮೊದಲು ಅದರ ನಕಲಿನ ಮೇಲೆ ಪ್ರಯೋಗ ಮಾಡಿ ನೋಡಬಹುದಾಯಿತು. ಆದರೆ ನನ್ನ ಲೆಕ್ಕದಲ್ಲಿ, ಆ ಸಂಬಳದ ದಿನ ಮತ್ತೆ ಬರಲಿಲ್ಲವಲ್ಲ, ಅದೇ ಲಾಭ.

ಇದರಲ್ಲಿ ಅಪಾಯವೂ ಉಂಟು. ಎಲ್ಲವೂ ಒಂದೇ ಸ್ಟೋರೇಜಿನಲ್ಲಿದ್ದರೆ ಅದು ಹೋದ ದಿನ ಎಲ್ಲವೂ ಹೋಗುತ್ತದೆ. ಹಳೆಯ ಸ್ಥಿತಿಗೆ ಮರಳಲು ಸ್ನ್ಯಾಪ್‌ಶಾಟ್ ಎಂಬ ಅನುಕೂಲವಿದೆ. ಅದು ಅದೇ ಡಿಸ್ಕಿನಲ್ಲಿ ಕೂತಿರುತ್ತದೆ, ಅದನ್ನು ಬ್ಯಾಕಪ್ ಎಂದು ನಂಬಿ ಕೆಟ್ಟವರನ್ನು ನೋಡಿದ್ದೇನೆ. ನಮ್ಮಜ್ಜಿ ಬಿತ್ತನೆ ರಾಗಿಯನ್ನು ಉಣ್ಣುವ ರಾಗಿಯ ಜೊತೆ ಇಡುತ್ತಿರಲಿಲ್ಲ, ಅಟ್ಟದ ಮೇಲೆ ಬೇರೆ ಮಡಕೆ. ಅಷ್ಟು ತಿಳಿದರೆ ಸಾಕು.

ಇನ್ನೊಂದು, ಲೈಸೆನ್ಸು. 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಕಂಪನಿ ವಿಎಂವೇರನ್ನು ಕೊಂಡುಕೊಂಡಿತು. ಒಮ್ಮೆ ಕೊಂಡರೆ ಸದಾ ನಮ್ಮದು ಎಂಬ ಲೈಸೆನ್ಸುಗಳ ಮಾರಾಟ ನಿಲ್ಲಿಸಿ, ಚಂದಾ ಪದ್ಧತಿ ತಂದಿತು. ಗದ್ದೆ ಕೊಳ್ಳಲು ಹೋದವರಿಗೆ ಗುತ್ತಿಗೆ ಮಾತ್ರ ಸಿಕ್ಕ ಹಾಗೆ. ಖರ್ಚು ಏರಿತೆಂದು ಅನೇಕರು ಬೇರೆ ದಾರಿ ಹುಡುಕುತ್ತಿದ್ದಾರೆ. ಲಿನಕ್ಸಿನೊಳಗೆ 2007ರಿಂದಲೂ ಇರುವ ಕೆವಿಎಂ ಅಂಥ ಒಂದು ದಾರಿ. ಅದಕ್ಕೆ ಲೈಸೆನ್ಸಿನ ದುಡ್ಡಿಲ್ಲ, ಆದರೆ ಬಲ್ಲವರು ಬೇಕು. ನಮ್ಮ ಶಾಲೆಯ ಮಕ್ಕಳು ಇದನ್ನು ಕಲಿತರೆ ಕೆಲಸಕ್ಕೆ ಕೊರತೆಯಾಗದು ಎಂದು ನನ್ನ ಅನಿಸಿಕೆ.

ಬೆಳಿಗ್ಗೆ ಹಾಲಿನ ಸೊಸೈಟಿಯ ಕಾರ್ಯದರ್ಶಿಗಳು, "ನಮಗೂ ಇದು ಬೇಕೇನಪ್ಪಾ?" ಎಂದು ಕೇಳಿದರು. ಬೇಡ ಅಣ್ಣಾ. ಇರುವುದೇ ಒಂದು ಕಂಪ್ಯೂಟರ್, ಅದಕ್ಕೆ ತಟ್ಟಿ ಯಾಕೆ? ಆದರೆ ಹಾಲು ಹಾಕುವವರ ಲೆಕ್ಕವೆಲ್ಲ ಅದೊಂದರಲ್ಲೇ ಇದೆ, ಇನ್ನೊಂದು ಪ್ರತಿ ಎಲ್ಲೂ ಇಲ್ಲ ಎಂದಿರಿ. ನಾಳೆ ಬೆಳಗ್ಗೆ ಹಾಲು ಹಾಕುವ ಹೊತ್ತಿಗೆ ಡಿಸ್ಕ್ ತಂದು ಪ್ರತಿ ಮಾಡಿಕೊಟ್ಟೇ ಬಸ್ಸು ಹತ್ತುತ್ತೇನೆ.